ಗ್ರಹಣದ ಹಿಂದಿನ ದಿನ ಬೇಯಿಸಿದ ಕೇಕು

ಮಸ್ಕಿ ಹಳ್ಳದ ಉಸುಕನ್ನು ಜರಡಿ ಹಿಡಿದು, ಮೂರು ನೀರಿನಲ್ಲಿ ತೊಳೆದು, ಮಾಳಿಗೆಯ ಮೇಲೆ ಒಣಗಿಸಿ ತಂದರೆ ಕೇಕು ಬೇಯಿಸಲು ಅದಕ್ಕಿಂತ ನಂಬಿಕಸ್ಥ ವಸ್ತು ಇನ್ನೊಂದಿಲ್ಲ. ದೊಡ್ಡ ಬೋಗುಣಿಯಲ್ಲಿ ನಾಲ್ಕು ಬೆರಳು ಉಸುಕು ಹಾಕಿ ಸೀಮೆಎಣ್ಣೆ ಸ್ಟೋವಿನ ಮೇಲಿಡಬೇಕು. ಅದು ಕಾದ ಮೇಲೆ ಹಿಟ್ಟಿನ ಡಬ್ಬಿಯನ್ನು ಒಳಗೆ ಕೂರಿಸಿ, ತಾಟು ಮುಚ್ಚಿ, ತಾಟಿನ ಮೇಲೆ ಕೆಂಡ ಹರವಬೇಕು. ಒಂದು ತಾಸು ಕಾಯಬೇಕು. ಕಾಯುವುದೆಂದರೆ ನನ್ನ ಲೆಕ್ಕದಲ್ಲಿ ಐದು ನಿಮಿಷಕ್ಕೊಮ್ಮೆ ತಾಟು ಎತ್ತಿ ನೋಡುವುದು. ಹಾಗೆ ಎತ್ತಿದ್ದರಿಂದಲೇ ನನ್ನ ಮೊದಲ ಎಂಟು ಕೇಕುಗಳು ನಡುವೆ ಕುಸಿದವು.

ನಮ್ಮದು ಶಿವಭಕ್ತರ ಮನೆ, ತತ್ತಿಯ ಮಾತೇ ಇಲ್ಲ. ಮೊಸರು, ಸೋಡಾ ಕೂಡಿದಾಗ ಹುಟ್ಟುವ ಗಾಳಿಯ ಮೇಲೆಯೇ ನನ್ನ ಭರವಸೆ. ಮಸ್ಕಿಯ ಹೈಸ್ಕೂಲಿನಲ್ಲಿ ವಿಜ್ಞಾನ ಕಲಿಸುವವನಾದ್ದರಿಂದ ಇದನ್ನೆಲ್ಲ ಪ್ರಯೋಗ ಎಂದು ಕರೆಯುತ್ತಿದ್ದೆ. ಪಾಮನಕಲ್ಲೂರಿನಿಂದ ನನ್ನ ಬಾಡಿಗೆ ಮನೆಗೆ ಬಂದು ನಿಂತಿದ್ದ ಅವ್ವ ಬೇರೆಯೇ ಹೆಸರಿಟ್ಟಿದ್ದಳು.

"ಉಸುಕಿನ್ಯಾಗ ರೊಟ್ಟಿ ಸುಡ್ತಾನ ನನ್ನ ಮಗ," ಎಂದು ಓಣಿಯ ಹೆಂಗಸರಿಗೆ ಹೇಳುತ್ತಿದ್ದಳು. "ಸಾಲ್ಯಾಗ ಕಲಿಸಿ ಕಲಿಸಿ ತಲ್ಯಾಗೂ ಅದೇ ತುಂಬೈತಿ."

ನೌಕರಿಗೆ ಸೇರಿದ ಹೊಸತು. ಜಗತ್ತನ್ನು ತಿದ್ದುವ ಹುಮ್ಮಸ್ಸೂ ಇತ್ತು, ತಿದ್ದಲು ಹೋಗಿ ಏನಾದರೂ ಮುರಿದೀತೆಂಬ ಹೆದರಿಕೆಯೂ ಇತ್ತು. ಹುಮ್ಮಸ್ಸು ಈಗ ಕಮ್ಮಿಯಾಗಿದೆ. ಹೆದರಿಕೆ ಮಾತ್ರ ಪಿಂಚಣಿಯವರೆಗೂ ಜೊತೆಗೆ ಬರುವಂತೆ ಕಾಣುತ್ತದೆ.

ಎಂಬತ್ತನೆಯ ಇಸವಿ, ಶಿವರಾತ್ರಿ ಹತ್ತಿರ ಬಂದಿತ್ತು. ಬರುವ ಅಮಾವಾಸ್ಯೆಗೆ ಮಧ್ಯಾಹ್ನದ ಹೊತ್ತು ಪೂರ್ಣ ಸೂರ್ಯಗ್ರಹಣ, ಅದೂ ನಮ್ಮ ತಲೆಯ ಮೇಲೆಯೇ ಹಾದುಹೋಗುತ್ತದೆ ಎಂದು ಪತ್ರಿಕೆಗಳು ಬರೆದಿದ್ದವು. ಊರೆಲ್ಲ ಬಾಗಿಲು ಹಾಕಿಕೊಂಡು ಉಪವಾಸ ಕೂರಲು ಸಿದ್ಧವಾಗುತ್ತಿತ್ತು. ನಾನು ಹೆಡ್ ಮಾಸ್ತರರ ಮುಂದೆ ನಿಂತು, ಆ ದಿನ ಮಕ್ಕಳನ್ನು ಶಾಲೆಗೆ ಕರೆಸಿ ಗ್ರಹಣ ತೋರಿಸುತ್ತೇನೆ, ಗ್ರಹಣ ಹಿಡಿದಾಗಲೇ ಎಲ್ಲರೂ ಕೂಡಿ ಕೇಕು ತಿನ್ನುತ್ತೇವೆ ಎಂದೆ.

"ನೋಡಿದ್ರ ಸಾಲದೇನ್ರಿ? ತಿನ್ನೋದ್ಯಾಕ?"

"ತಿನ್ನದಿದ್ರ ಭಯ ಹೋಗಂಗಿಲ್ರೀ ಸರ್."

"ಯಾರ ಭಯ?" ಎಂದರು ಅವರು. ಆದರೂ ಬೇಡವೆನ್ನಲಿಲ್ಲ.

ಸುದ್ದಿ ಹಬ್ಬಿದ ಮರುದಿನ ಎಂಟನೆಯ ಇಯತ್ತೆಯ ಒಬ್ಬ ಹುಡುಗಿ ಪ್ರಯೋಗದ ಕೋಣೆಯ ಬಾಗಿಲಲ್ಲಿ ಬಂದು ನಿಂತಳು. ಊರ ಹೊರಗಿನ ಕೇರಿಯವಳು. ಕಂಡದ್ದನ್ನು ಕಂಡಂತೆ ಬರೆಯುವುದರಲ್ಲಿ ಇಡೀ ತರಗತಿಯಲ್ಲಿ ಅವಳಿಗೆ ಸಮ ಯಾರೂ ಇರಲಿಲ್ಲ.

"ಸರ್, ಗ್ರಾಣದ ದಿನ ಸಾಲಿಗೆ ಬರಲೇಬೇಕು ಅಂತ ನಮ್ಮವ್ವಗ ನೀವು ಹೇಳ್ರಿ."

"ಬಂದ್ರ ಬಾ. ನಾ ಹೇಳೋದೇನೈತಿ?"

ಅವಳು ನೆಲ ನೋಡುತ್ತ ಹೇಳಿದಳು. ನಮ್ಮ ಕಡೆ ಗ್ರಹಣ ಬಿಡುವ ಹೊತ್ತಿಗೆ ಕೇರಿಯವರು ಬುಟ್ಟಿ ಹಿಡಿದು "ಗ್ರಾಣ ಬಿಟ್ಟೈತಿ, ದಾನಾ ನೀಡ್ರೆವ್ವಾ" ಎಂದು ಓಣಿ ಓಣಿ ಕೂಗುತ್ತ ಬರುತ್ತಿದ್ದರು. ಮನೆಯವರು ಹಳೆಯ ಬಟ್ಟೆ, ಕಾಳು, ಮತ್ತು ಗ್ರಹಣಕ್ಕೆ ಮುಂಚೆ ಬೇಯಿಸಿದ, ತಾವಿನ್ನು ಮುಟ್ಟದ ಅಡಿಗೆಯನ್ನು ಆ ಬುಟ್ಟಿಗೆ ಹಾಕುತ್ತಿದ್ದರು. ಮನೆಯ ಕೇಡು ಅದರ ಜೊತೆ ಹೋಯಿತೆಂದು ಲೆಕ್ಕ. ಹಿಂದಿನ ಗ್ರಹಣದಲ್ಲಿ ತಾಯಿಯ ಜೊತೆ ಹೋಗಿದ್ದ ಈ ಹುಡುಗಿ ತನ್ನ ಪಕ್ಕದಲ್ಲೇ ಕೂರುವ ಗೆಳತಿಯ ಬಾಗಿಲಲ್ಲಿ ನಿಲ್ಲಬೇಕಾಗಿ ಬಂದಿತ್ತು.

"ಮರುದಿನ ಅಕಿ ನನ್ನ ಕೂಡ ಮಾತಾಡಿದ್ಲು ಸರ್. ಆದ್ರ ಮೊದಲಿನಂಗ ಅಲ್ಲ."

ಅಂದೇ ಸಂಜೆ ಕೇರಿಗೆ ಹೋಗಿ ಅವಳ ತಾಯಿಗೆ, ಗ್ರಹಣದ ದಿನ ಹಾಜರಿ ಕಡ್ಡಾಯ ಎಂದು ಸರಾಗವಾಗಿ ಸುಳ್ಳು ಹೇಳಿದೆ. ಆಕೆ ಹತ್ತಿ ಬಿಡಿಸಿ ಬಂದು ಕಾಲು ತೊಳೆಯುತ್ತಿದ್ದಳು.

"ಬುಟ್ಟಿ ಹಿಡಿಯಾಕ ಒಂದು ಕೈ ಕಮ್ಮಿ ಆತು," ಎಂದಳು. ಆಮೇಲೆ ನನ್ನನ್ನು ನೆಟ್ಟಗೆ ನೋಡಿ, "ಆಗಲಿ. ನಾ ಇಸ್ಕೊಂಡದ್ದು ಸಾಕು, ಅಕಿ ಇನ್ನ ಮ್ಯಾಲ ಯಾರ ಮುಂದೂ ಅದನ್ನ ಇಸ್ಕೊಬಾರದು. ನಿಮ್ಮ ಮ್ಯಾಲ ಬಿಟ್ಟೀನಿ ನೋಡ್ರಿ ಸರ್ರ."

ಹುಡುಗಿಗೆ ವೀಕ್ಷಣೆಯ ಪುಸ್ತಕ ಒಪ್ಪಿಸಿದೆ. ಹೊತ್ತು ಬರೆಯಬೇಕು, ಕಂಡದ್ದು ಬರೆಯಬೇಕು, ಬರೆದದ್ದನ್ನು ಹೊಡೆದು ಹಾಕಬಾರದು. ಇದು ನನ್ನ ನಿಯಮ. ಇಂಥ ನಿಯಮಗಳನ್ನು ಮಾಡುವಾಗ ಅವು ನಮಗೂ ತಗಲುತ್ತವೆಂದು ಹೊಳೆಯುವುದಿಲ್ಲ.

ಮೈದಾ, ಎಸೆನ್ಸು ತರಲು ಸಿಂಧನೂರಿಗೆ ಹೋದೆ. ಬೇಕರಿಯವನು ಸಾಮಾನು ಕಟ್ಟುತ್ತ ಯಾತಕ್ಕೆಂದು ಕೇಳಿದ. ಹೇಳಿದೆ.

"ಗ್ರಾಣಕ್ಕ ಕೇಕ್ ಮಾಡೋರನ್ನ ಇದೇ ಮೊದಲು ನೋಡಾಕತ್ತೀನಿ ಮಾಸ್ತರ್ರ. ಹುಟ್ಟಿದಬ್ಬ ಯಾರದ್ರಿ, ರಾಹುಂದೇನು?"

ಮನೆಯಲ್ಲಿ ನಗುವ ಪರಿಸ್ಥಿತಿ ಇರಲಿಲ್ಲ. ಹೆಂಡತಿಗೆ ಏಳು ತಿಂಗಳು. ವಳಕಮದಿನ್ನಿಯ ನೀರಾವರಿ ಸೀಮೆಯಲ್ಲಿ ಬೆಳೆದ ಅವಳದು ನಿಶ್ಚಿಂತೆಯ ಸ್ವಭಾವ, ನಾನು ಒಣಬೇಸಾಯದವರ ಮಗ. ಗ್ರಹಣದ ಹೊತ್ತು ಬಸುರಿ ಹೊರಗೆ ಬಂದರೆ, ಚಾಕು ಮುಟ್ಟಿದರೆ ಕೂಸಿನ ತುಟಿ ಸೀಳುತ್ತದೆ ಎಂದು ಅವ್ವ ಅವಳಿಗೆ ಒಳಕೋಣೆ ಗೊತ್ತು ಮಾಡಿದ್ದಳು. ನಾನು ನೆರಳು ಬೆಳಕಿನ ಪಾಠ ಶುರು ಮಾಡಿದೆ.

"ನಿನ್ನ ಸೈನ್ಸು ಸಾಲ್ಯಾಗ ಇರ್ಲಿ," ಎಂದಳು ಅವ್ವ. "ಕೂಸಿನಪ್ಪ ನೀನು. ಗ್ರಾಣ ಬಿಡೋತನಾ ನೀನೂ ಬಾಯಾಗ ಏನೂ ಹಾಕಬ್ಯಾಡ. ನನ್ನ ಮ್ಯಾಲ ಆಣಿ."

ನಾನು "ಹೂಂ" ಎಂದೆ. ಯಾರಾದರೂ ಕೇಳಿದರೆ ಕೆಮ್ಮಿದೆ ಎನ್ನಬಹುದಾದಷ್ಟು ಮೆಲ್ಲಗೆ.

ಉಸುಕಿನ ಬೋಗುಣಿಯಲ್ಲಿ ಒಮ್ಮೆಗೆ ಒಂದೇ ಡಬ್ಬಿ ಹಿಡಿಯುವುದರಿಂದ ಆರೂ ಕೇಕುಗಳನ್ನು ಶುಕ್ರವಾರವೇ ಬೇಯಿಸಿಟ್ಟೆ. ಐದನ್ನು ಶಾಲೆಗೆ ಒಯ್ದೆ. ಹಿಂದಿನ ದಿನ ಬೇಯಿಸಿದ ತಿನಿಸು ಎಂದರೆ ಗ್ರಹಣದ ದಿನ ನಮ್ಮ ಊರುಗಳಲ್ಲಿ ಏನಾಗುತ್ತದೆ ಎಂಬುದು, ಅದನ್ನೇ ನೋಡುತ್ತ ಬೆಳೆದ ನನಗೆ ಹೊಳೆಯಲೇ ಇಲ್ಲ. ಸೋಡಾ ಹೆಚ್ಚಾಯಿತೇನೋ ಎಂಬುದೊಂದೇ ಚಿಂತೆ.

ಶನಿವಾರ ಮಧ್ಯಾಹ್ನ ಹತ್ತೊಂಬತ್ತು ಮಕ್ಕಳು ಬಂದರು. ಕನ್ನಡಿಗೆ ತೂತಿನ ಕಾಗದ ಅಂಟಿಸಿ ಸೂರ್ಯನನ್ನು ಶಾಲೆಯ ಗೋಡೆಯ ಮೇಲೆ ತಂದೆ. ಹುಣಸೆ ಮರದ ಕೆಳಗೆ ಎಲೆಗಳ ನಡುವಿನಿಂದ ಬಿದ್ದ ಬಿಸಿಲೆಲ್ಲ ಸಣ್ಣ ಸಣ್ಣ ಕುಡುಗೋಲಾಯಿತು. ಕೇಕು ಕೊಯ್ದೆ. ಮಕ್ಕಳು ಮೊದಲು ಒಬ್ಬರ ಮುಖ ಒಬ್ಬರು ನೋಡಿದರು, ಆಮೇಲೆ ವಾಸನೆ ಗೆದ್ದಿತು. ಎಲ್ಲರೂ ಒಂದೇ ತಾಟಿನಿಂದ ತಿಂದರು. ನಾನು ಹಂಚುವುದರಲ್ಲಿ ಬಹಳ ಗಡಿಬಿಡಿಯಲ್ಲಿದ್ದೆ, ಅಥವಾ ಹಾಗೆ ಕಾಣುವಂತೆ ನೋಡಿಕೊಂಡೆ.

ಪೂರ್ತಿ ಕತ್ತಲಾದಾಗ ಕಾಗೆಗಳು ಕೂಗುತ್ತ ಗೂಡಿಗೆ ಹೊರಟವು. ಯಾರ ಕಣ್ಣಾದರೂ ಹೋದೀತೆಂಬ ಹೆದರಿಕೆಯಿಂದ ಮಕ್ಕಳನ್ನೆಲ್ಲ ಗೋಡೆಯ ಕಡೆ ತಿರುಗಿಸಿ ನಿಲ್ಲಿಸಿದ್ದೆ, ಯಾರೂ ಮೇಲೆ ನೋಡದಂತೆ ಕಾವಲಿದ್ದೆ. ಜನ್ಮದಲ್ಲಿ ಒಮ್ಮೆ ತಲೆಯ ಮೇಲೆ ಬಂದ ಪೂರ್ಣ ಗ್ರಹಣವನ್ನು ನಾನು ಹತ್ತೊಂಬತ್ತು ಕತ್ತುಗಳ ಹಿಂಭಾಗ ನೋಡುತ್ತ ಕಳೆದೆ.

ಬೆಳಕು ಮರಳಿತು. ಸೂರ್ಯನ ಒಂದು ಅಂಚು ಇನ್ನೂ ಮುಕ್ಕಾಗಿರುವಾಗ ಹುಡುಗಿಯ ತಾಯಿ ಗೇಟಿನ ಹತ್ತಿರ ಬಂದಳು. ಓಣಿಗೆ ಹೋಗುವ ದಾರಿಯಲ್ಲಿ ಮಗಳನ್ನು ಕಂಡು ಹೋಗಲು ಬಂದಿದ್ದಳು, ಸೊಂಟದ ಮೇಲೆ ಖಾಲಿ ಬುಟ್ಟಿ. ತಾಟಿನಲ್ಲಿ ಇನ್ನೂ ಕೇಕು ಉಳಿದಿತ್ತು. ನನಗೆ ಉಕ್ಕಿ ಬಂದ ಪ್ರೀತಿಯಲ್ಲಿ ಅಷ್ಟನ್ನೂ ಕಾಗದದಲ್ಲಿ ಸುತ್ತಿ, "ಮನಿಗೆ ಒಯ್ಯಿರಿ," ಎಂದು ಎಲ್ಲ ಮಕ್ಕಳ ಎದುರಿಗೆ ಆ ಬುಟ್ಟಿಯಲ್ಲಿ ಇಟ್ಟೆ.

ಒಬ್ಬ ಹುಡುಗಿ ಬಾಯಿಗೆ ಕೈ ಅಡ್ಡ ಹಿಡಿದಳು. ಪುಸ್ತಕ ಹಿಡಿದಿದ್ದವಳು ಮಾತ್ರ ಯಾರನ್ನೂ ನೋಡಲಿಲ್ಲ, ಹಾಳೆಯಲ್ಲಿ ಮುಖ ಹುದುಗಿಸಿದಳು. ಆಗ ನನಗೆ ಅರ್ಥವಾಯಿತು. ಯಾವುದರಿಂದ ಅವಳನ್ನು ತಪ್ಪಿಸಲು ಹೊರಟಿದ್ದೆನೋ ಅದನ್ನು ಶಾಲೆಯ ಅಂಗಳದಲ್ಲಿ ನಾನೇ ನಡೆಸಿಕೊಟ್ಟಿದ್ದೆ.

"ಇದು ಯಾವಾಗ ಮಾಡಿದ್ದು ಸರ್ರ?" ತಾಯಿಯ ದನಿಯಲ್ಲಿ ಸಿಟ್ಟಿರಲಿಲ್ಲ. ಇದ್ದಿದ್ದರೆ ಚೆನ್ನಾಗಿತ್ತು.

"ನಿನ್ನೆ."

"ಗ್ರಾಣದ ಮುಂಚಿಂದು. ನೀವು ತಿಂದ್ರೇನು?"

"ತಿಂದೆ... ತಿಂತೀನಿ..."

ತಾಯಿ ಮಗಳ ಕಡೆ ತಿರುಗಿದಳು. "ಏನಬೇ, ಎಲ್ಲಾ ಬರಿತೀಯಲ್ಲ. ಮಾಸ್ತರ್ರು ತಿಂದಾರೇನು?"

ಹುಡುಗಿ ತಲೆಯೆತ್ತದೆ ಓದಿದಳು. "ಮೂರೂ ಇಪ್ಪತ್ತು: ಎಲ್ಲರೂ ಕೇಕು ತಿಂದರು. ಸರ್ ತಿನ್ನಲಿಲ್ಲ. ನಾಲ್ಕೂ ನಲವತ್ತು: ಸರ್ ಇನ್ನೂ ತಿಂದಿಲ್ಲ."

ಮಕ್ಕಳೆಲ್ಲ ನನ್ನನ್ನು ನೋಡಿದರು. ತಲೆಯಲ್ಲಿ ಒಮ್ಮೆಗೇ ಅವ್ವನ ಆಣೆ, ಒಳಕೋಣೆಯ ಹೆಂಡತಿ, ಇನ್ನೂ ಕಾಣದ ಕೂಸಿನ ತುಟಿ. ನಾಲ್ಕು ವರ್ಷ ಓದಿದ ಭೌತಶಾಸ್ತ್ರ ಎಲ್ಲಿ ಹೋಗಿತ್ತೋ. ಸೂರ್ಯನ ಅಂಚು ಇನ್ನೂ ತುಂಬಿರಲಿಲ್ಲ. ಇನ್ನು ಹತ್ತು ನಿಮಿಷ ಮಾತಿನಲ್ಲಿ ಕಳೆದರೆ ಗ್ರಹಣವೇ ಮುಗಿಯುತ್ತದೆ, ಆಮೇಲೆ ಧೈರ್ಯವಾಗಿ ತಿನ್ನಬಹುದು ಎಂಬ ಯೋಚನೆಯೂ ಬಂತು. ಅದನ್ನೂ ಇಲ್ಲಿ ಬರೆಯಬೇಕು.

ಬುಟ್ಟಿಯಲ್ಲಿದ್ದ ಕಾಗದ ಬಿಚ್ಚಿ ಒಂದು ದೊಡ್ಡ ತುಂಡು ಬಾಯಿಗೆ ಹಾಕಿಕೊಂಡೆ. ಬೆಳಗಿನಿಂದ ಒಣಗಿದ್ದ ಗಂಟಲು, ಅದು ಅಲ್ಲೇ ನಿಂತಿತು. ಕಣ್ಣಲ್ಲಿ ನೀರು ಬಂತು. ಹುಡುಗಿ ಓಡಿಹೋಗಿ ಕೊಡದಿಂದ ನೀರು ತಂದಳು. ಕೇರಿಯ ಮಕ್ಕಳು ಮುಟ್ಟದೇ ಇರಲೆಂದು ಶಾಲೆಯವರು ದೂರ ಇಟ್ಟಿದ್ದ ಕೊಡ ಅದು, ಅಂದು ಯಾರಿಗೂ ಅದರ ನೆನಪಾಗಲಿಲ್ಲ.

"ಸಾವಕಾಶ್ರೀ ಸರ್ರ," ಎಂದಳು ತಾಯಿ. "ಗ್ರಾಣ ಎಲ್ಲಿಗೂ ಓಡಿ ಹೋಗಂಗಿಲ್ಲ."

ಮೊದಲು ನಕ್ಕವಳು ಬಾಯಿಗೆ ಕೈ ಅಡ್ಡ ಹಿಡಿದಿದ್ದ ಹುಡುಗಿ. ತಾಯಿ ಬುಟ್ಟಿಯಿಂದ ತಾನೂ ಒಂದು ತುಂಡು ತೆಗೆದು ಬಾಯಿಗೆ ಹಾಕಿಕೊಂಡಳು, ಉಳಿದದ್ದನ್ನು ನನ್ನ ತಾಟಿಗೆ ವಾಪಸು ಇಟ್ಟಳು. "ರುಚಿ ಐತಿ. ಸೋಡಾ ಸ್ವಲ್ಪ ಜಾಸ್ತಿ ಆಗೈತಿ."

ಮನೆಗೆ ಹೋಗಿ ಅಪರಾಧಿಯಂತೆ ಎಲ್ಲವನ್ನೂ ಹೆಂಡತಿಗೆ ಹೇಳಿದೆ. ಅವಳು ಸೆರಗಿನಿಂದ ಬಾಯಿ ಒರೆಸಿಕೊಂಡಳು. ಆರನೆಯ ಕೇಕಿನ ಡಬ್ಬಿ ಮಂಚದ ಕೆಳಗೆ ಅರ್ಧ ಖಾಲಿಯಾಗಿತ್ತು.

"ಏನೂ ಆಗಂಗಿಲ್ಲ ಅಂತ ನೀವೇ ಹೇಳಿದ್ರಲ್ರೀ. ಹಸಿವಾಗಿತ್ತು, ತಿಂದೆ."

ಎರಡು ತಿಂಗಳ ಮೇಲೆ ಕೂಸು ಕೈಗೆ ಬಂದಾಗ ನಾನು ಮೊದಲು ನೋಡಿದ್ದು ಅದರ ತುಟಿಗಳನ್ನು. ಚೆನ್ನಾಗಿದ್ದವು. ಇದನ್ನು ಈವರೆಗೆ ಯಾರಿಗೂ ಹೇಳಿರಲಿಲ್ಲ.

ಲಿಂಗಸುಗೂರಿಗೆ ವರ್ಗವಾಗಿ, ಕರೆಂಟಿನ ಒಲೆ ಬಂದು, ತೊಂಬತ್ತರ ಈ ದಶಕದಲ್ಲಿ ಸಂಜೆ ಹೊತ್ತು ದೊಡ್ಡವರಿಗೆ ಅಕ್ಷರ ಕಲಿಸಲು ಹೋಗುವಾಗ ಈಗಲೂ ಏನಾದರೂ ಬೇಯಿಸಿ ಒಯ್ಯುತ್ತೇನೆ. ಕೊಡುವ ಮುಂಚೆ ಅವರೆದುರಿಗೇ ಒಂದು ತುಂಡು ನಾನು ತಿನ್ನುತ್ತೇನೆ. ಬೆಂದಿದೆಯೋ ಇಲ್ಲವೋ ನೋಡುತ್ತಾನೆ ಎಂದು ತಿಳಿಯುತ್ತಾರೆ. ತಿಳಿಯಲಿ.

ಅಂದು ಗೇಟಿನ ಬಳಿ ಹುಡುಗಿಗೆ, "ತಿಂದದ್ದನ್ನ ಬರಿಯವ್ವ, ಆ ಮೊದಲಿಂದು ಹೊಡೆದು ಹಾಕು," ಎಂದಿದ್ದೆ.

"ಹೊಡೆದು ಹಾಕಬಾರದು ಅಂತ ನೀವೇ ಹೇಳೀರಿ ಸರ್," ಎಂದು ಕೆಳಗೆ ಹೊಸ ಸಾಲು ಬರೆದಳು.

ತಾಯಿ ಖಾಲಿ ಬುಟ್ಟಿಯನ್ನು ಸೊಂಟಕ್ಕೇರಿಸಿದಳು. ಕಾಳು ಬೇಕಲ್ಲ, ಹೋಗಲೇಬೇಕು. "ನೀ ಬರಬ್ಯಾಡ, ಬರಿಯೋದು ಮುಗಿಸಿ ಮನಿಗೆ ಹೋಗು," ಎಂದು ಮಗಳಿಗೆ ಹೇಳಿ ಒಬ್ಬಳೇ ಓಣಿಯ ಕಡೆ ನಡೆದಳು. ನಾಲ್ಕು ಹೆಜ್ಜೆ ಹೋಗಿ ತಿರುಗಿ ನಿಂತಳು.

"ಕತ್ತಲಾದಾಗ ನಾ ಮ್ಯಾಲ ನೋಡಿದೆ ಸರ್ರ. ಕರೇ ಹಂಚಿನ ಸುತ್ತ ಉರಿ ಎದ್ದಂಗಿತ್ತು. ನೀವು ನೋಡಿದ್ರೇನು?"

ನಾನು ಉತ್ತರಿಸುವ ಮುಂಚೆಯೇ ಹುಡುಗಿ ಅದನ್ನು ಬರೆದುಕೊಂಡಿದ್ದಳು. ಪೂರ್ಣ ಗ್ರಹಣವನ್ನು ಕಣ್ಣಾರೆ ಕಂಡವರ ಮಾತು ಎಂದು ಆ ಪುಸ್ತಕದಲ್ಲಿರುವುದು ಅದೊಂದೇ ಸಾಲು.