ಹೇರಿನ ಮಾಮ ಕೆಳಗಿಳಿದ ದಿನ

ಮೊನ್ನೆ ರೈಲ್ವೆ ಅಂಡರ್‌ಪಾಸಿನ ಬಾಯಲ್ಲಿ ಸ್ಕೂಟರ್ ನಿಲ್ಲಿಸಿಕೊಂಡು ನಿಂತಿದ್ದಾಗ ನೆಂದ ಭತ್ತದ ಹುಲ್ಲಿನ ವಾಸನೆ ಮೂಗಿಗೆ ಬಡಿಯಿತು. ಮಳೆ ನಿಂತು ಬಿಸಿಲು ಬಿದ್ದಿದ್ದರೂ ಒಳಗೆ ಮೊಣಕಾಲುದ್ದ ನೀರು. ಯಾವುದೋ ಟ್ರ್ಯಾಕ್ಟರಿನಿಂದ ಉದುರಿದ ಹುಲ್ಲು ಅದರ ಮೇಲೆ ತೇಲುತ್ತಿತ್ತು. ಕೊಳೆಯಲು ಶುರುವಾದ ಹುಲ್ಲಿಗೆ ಹುಳಿಯೂ ಸಿಹಿಯೂ ಬೆರೆತ ಒಂದು ವಾಸನೆ ಇರುತ್ತದೆ, ಎಮ್ಮೆ ಕಟ್ಟಿದ ಮನೆಯವರಿಗೆ ಗೊತ್ತು. ನೀರೆತ್ತುವ ಪಂಪಿನವನು ಊಟಕ್ಕೆ ಹೋಗಿದ್ದನಂತೆ. ನಾವು ನಾಲ್ಕಾರು ಮಂದಿ ಕಾಯುತ್ತಿದ್ದೆವು. ಬೈಕಿನ ಮೇಲೆ ಕುಳಿತಿದ್ದ ಒಬ್ಬಾತ ಪಕ್ಕದವನಿಗೆ ಕಥೆ ಹೇಳುತ್ತಿದ್ದ. ಮೊದಲು ಇಲ್ಲಿ ಗೇಟಿತ್ತು, ಹುಲ್ಲಿನ ಲೋಡಿನ ಮೇಲೆ ಕುಳಿತಿದ್ದ ಒಬ್ಬ ಮುದುಕ ಕರೆಂಟು ಬಂದಿದೆ ಎಂದರೂ ನಂಬದೆ, ಕೋಲಿನಿಂದ ರೈಲ್ವೆ ತಂತಿ ಎತ್ತಲು ಹೋಗಿ ಅಲ್ಲೇ ಸುಟ್ಟುಹೋದ, ಅದಕ್ಕೇ ಗೇಟು ಮುಚ್ಚಿ ಈ ದಾರಿ ಮಾಡಿದರು ಎಂದು.

ಇದನ್ನು ಕೇಳಿದ್ದು ಮೊದಲ ಸಲವಲ್ಲ. ಚಹಾದಂಗಡಿಯಲ್ಲಿ ಕೇಳಿದ್ದೇನೆ, ಒಂದು ಮದುವೆಯ ಊಟದ ಸಾಲಿನಲ್ಲಿ ಕೇಳಿದ್ದೇನೆ. ಪ್ರತಿ ಸಲವೂ ಅದು ಹಿಂದಿನ ಸಲಕ್ಕಿಂತ ನುಣುಪಾಗಿರುತ್ತದೆ. ಎಚ್ಚರಿಕೆ ಕೊಟ್ಟರು, ಕೇಳಲಿಲ್ಲ, ಸತ್ತ. ಎಷ್ಟು ಸಲೀಸು! ಆ ಮುದುಕ ನನಗೆ ಗೊತ್ತಿದ್ದವರು. ಮೊದಲನೆಯದಾಗಿ ಅವರು ಮುದುಕರಾಗಿರಲಿಲ್ಲ. ಎರಡನೆಯದಾಗಿ ಅವರು ಇಲ್ಲಿ ಸಾಯಲಿಲ್ಲ. ಇಡೀ ಊರು ಅವರನ್ನು ಒಬ್ಬ ಮೂರ್ಖನನ್ನಾಗಿ ಮಾಡಿಟ್ಟುಕೊಂಡಿದೆ, ಅದನ್ನು ಅಳಿಸಲು ನನ್ನ ಬಳಿ ಇರುವುದು ನನ್ನ ನೆನಪು ಮಾತ್ರ. ಅದೂ ನೆಚ್ಚಿಕೊಳ್ಳುವಂಥದ್ದಲ್ಲ...

ನಾವು ಅವರನ್ನು ಹೇರಿನ ಮಾಮ ಎನ್ನುತ್ತಿದ್ದೆವು. ಬಾದನಹಟ್ಟಿಯವರು. ನಂಟಸ್ತಿಕೆ ಏನೂ ಇರಲಿಲ್ಲ, ಬಳ್ಳಾರಿಯಲ್ಲಿ ಯಾರು ಬೇಕಾದರೂ ಮಾಮ ಆಗಬಹುದು. ಕೊಯ್ಲು ಮುಗಿದ ಮೇಲೆ ಸಿರುಗುಪ್ಪದ ಕಡೆಯ ಗದ್ದೆಗಳಲ್ಲಿ ಭತ್ತದ ಹುಲ್ಲನ್ನು ಟ್ರಾಲಿಗೆ ಹೇರಿ ಕಟ್ಟುವುದು ಅವರ ಕೆಲಸ. ಬ್ರೂಸ್‌ಪೇಟೆಯಲ್ಲಿ ನನ್ನದು ಹಗ್ಗದ ಅಂಗಡಿ. ಸುಗ್ಗಿಗೆ ಮೊದಲು ಬಂದು ಎಲ್ಲ ಬಗೆಯ ಹಗ್ಗವನ್ನೂ ಮೂಸಿ ನೋಡಿ, ಮುಖ ಸಿಂಡರಿಸಿ, ಕೊನೆಗೆ ಹೋದ ವರ್ಷ ಒಯ್ದ ಬಗೆಯದನ್ನೇ ಒಯ್ಯುತ್ತಿದ್ದರು. ನಮ್ಮ ಮನೆ ಹಳಿಯ ಆಚೆಗೆ, ದಕ್ಷಿಣಕ್ಕೆ. ಮನೆಯಲ್ಲಿ ಎಮ್ಮೆಗಳಿದ್ದವು. ಪ್ರತಿ ವರ್ಷ ಕರೂರಿನಿಂದ ಹುಲ್ಲು ತರಿಸುವಾಗ ನಾನು ಟ್ರ್ಯಾಕ್ಟರಿನ ಮಡ್‌ಗಾರ್ಡಿನ ಮೇಲೆ ಕೂತು ಬರುತ್ತಿದ್ದೆ. ಮಾಮ ಮಾತ್ರ ಹೇರಿನ ತುತ್ತತುದಿಯಲ್ಲಿ, ಕೈಯಲ್ಲಿ ಬಿದಿರಿನ ಕವೆಗೋಲು ಹಿಡಿದು.

ಆ ಕೋಲು ಅಲಂಕಾರಕ್ಕಲ್ಲ. ನಮ್ಮ ಕಡೆ ಹಳ್ಳಿಯ ಕರೆಂಟಿನ ತಂತಿಗಳು ದಾರಿಗೆ ಅಡ್ಡ ಜೋತುಬಿದ್ದಿರುತ್ತವೆ. ಹುಲ್ಲಿನ ಲೋಡು ಅದರಡಿ ಹೋಗಬೇಕಾದರೆ ಮೇಲೆ ಕುಳಿತವನು ಕವೆಯಿಂದ ತಂತಿ ಎತ್ತಿ ಹಿಡಿಯಬೇಕು, ಟ್ರ್ಯಾಕ್ಟರು ಮೆಲ್ಲಗೆ ನುಸುಳಬೇಕು, ಆಮೇಲೆ ತಂತಿಯನ್ನು ಮೆತ್ತಗೆ ಇಳಿಸಬೇಕು. ಇದನ್ನು ಯಾರೂ ಅಪಾಯ ಎಂದು ಎಣಿಸುತ್ತಿರಲಿಲ್ಲ. ಬಾಗಿಲಲ್ಲಿ ತಲೆ ಬಗ್ಗಿಸಿದ ಹಾಗೆ ಅದೊಂದು ರೂಢಿ. ಕರೂರಿನ ಕಾಲುವೆ ದಾಟಿದೊಡನೆ ಬರುವ ತಂತಿ ಎಲ್ಲಕ್ಕಿಂತ ಕೆಳಗಿತ್ತು. ಮಾಮ ಅದನ್ನು ಬಟ್ಟೆ ಒಣಹಾಕುವ ಹಗ್ಗ ಎಂದೇ ಕರೆಯುತ್ತಿದ್ದರು. ಕಂಬ ಎತ್ತರಿಸಿ ಎಂದು ಲೈನ್‌ಮನ್‌ಗೆ ಪ್ರತಿ ಸುಗ್ಗಿಯಲ್ಲೂ ಹೇಳುತ್ತಿದ್ದರು. ಎಸ್ಟಿಮೇಟ್ ಹೋಗೈತಿ ಮಾಮ ಎಂದು ಆತನೂ ಪ್ರತಿ ಸುಗ್ಗಿಯಲ್ಲಿ ಹೇಳುತ್ತಿದ್ದ.

ಇಂಥ ಹೊತ್ತಿನಲ್ಲಿ ನಮ್ಮ ರೈಲು ಮಾರ್ಗಕ್ಕೆ ವಿದ್ಯುತ್ ಬರುತ್ತದೆ ಎಂದು ಸುದ್ದಿಯಾಯಿತು. ಸುದ್ದಿಯಾಗಿಯೇ ಬಹಳ ಕಾಲ ಉಳಿಯಿತು. ಮೊದಲು ಗುಂಡಿ ತೋಡಿದರು. ಗುಂಡಿಯಲ್ಲಿ ಮಳೆನೀರು ನಿಂತು ಕಪ್ಪೆ ಕೂಗಿದವು. ಆಮೇಲೆ ಕಬ್ಬಿಣದ ಕಂಬಗಳು ಬಂದು ಹಳಿಯ ಪಕ್ಕ ಮಲಗಿದವು, ಅವುಗಳ ನಡುವೆ ಜಾಲಿ ಬೆಳೆಯಿತು. ಗುತ್ತಿಗೆದಾರ ಬದಲಾದ, ಹೊಸಬ ಬಂದು ಹಳಬನ ಗುಂಡಿ ಸರಿಯಿಲ್ಲವೆಂದು ಪಕ್ಕದಲ್ಲೇ ಇನ್ನೊಂದು ತೋಡಿಸಿದ. ಪತ್ರಿಕೆಯಲ್ಲಿ ಆಗಾಗ ಕಾಮಗಾರಿ ಪ್ರಗತಿಯಲ್ಲಿದೆ ಎಂದು ಬರುತ್ತಿತ್ತು. ಗೇಟಿನ ಬಳಿಯೂ ಅದನ್ನೇ ಬರೆದ ಒಂದು ಫಲಕ. ನಮ್ಮ ಕಣ್ಣೆದುರೇ ಅದಕ್ಕೆ ತುಕ್ಕು ಹಿಡಿದು 'ಪ್ರಗತಿ' ಉದುರಿಹೋಗಿ 'ಕಾಮಗಾರಿ ಯಲ್ಲಿದೆ' ಎಂದಷ್ಟೇ ಉಳಿಯಿತು. ಹೀಗೆ ಬರೆದಾಗ ನನಗೇ ಅನುಮಾನ, ಅಕ್ಷರಗಳು ಅಷ್ಟು ಅಚ್ಚುಕಟ್ಟಾಗಿ ಉದುರುತ್ತವೆಯೇ? ಬಹುಶಃ ಇಲ್ಲ. ಇದು ನಾನು ಸೇರಿಸಿದ್ದಿರಬೇಕು. ತುಕ್ಕು ಮಾತ್ರ ನಿಜ.

ಎಲ್ಲಕ್ಕಿಂತ ರೇಗಿಸಿದ್ದು ಕಮಾನು. ಹಳಿಯ ಮೇಲೆ ತಂತಿಯಿನ್ನೂ ಬಂದಿರಲಿಲ್ಲ, ಆದರೆ ಗೇಟಿನ ಎರಡೂ ಬದಿಗೆ, ರಸ್ತೆಯ ಮೇಲೆ, ಎರಡೆರಡು ಕಂಬ ನಿಲ್ಲಿಸಿ ಮೇಲಿನಿಂದ ಸರಪಳಿಯಲ್ಲಿ ಒಂದು ಅಡ್ಡಪಟ್ಟಿ ತೂಗುಬಿಟ್ಟರು. ಇದಕ್ಕಿಂತ ಎತ್ತರದ ಲೋಡು ದಾಟಕೂಡದು, ಮೇಲೆ ತಂತಿ ಬರುತ್ತದೆ ಎಂದು. ಹುಲ್ಲಿನ ಯಾವ ಹೇರೂ ಅದರಡಿ ಹಿಡಿಸುತ್ತಿರಲಿಲ್ಲ. ಇಲ್ಲದ ತಂತಿಗೆ ಹೆದರಿ, ಮೇಲಿನ ಹುಲ್ಲನ್ನೆಲ್ಲ ಇಳಿಸಿ, ಹೊರೆ ಕಟ್ಟಿ, ತಲೆಯ ಮೇಲೆ ಹಳಿ ದಾಟಿಸಿ, ಆಚೆ ಮತ್ತೆ ಹೇರಬೇಕು. ಮೊದಲ ಸಲ ಅದನ್ನು ನೋಡಿದಾಗ ಮಾಮ ಮೇಲಿನಿಂದಲೇ, "ಹೆಣ್ಣು ನೋಡಿಲ್ಲ, ಆಗ್ಲೇ ಚಪ್ಪರ ಹಾಕ್ಯಾರ ನೋಡ್ರಿ" ಎಂದರು. ಆಮೇಲೆ, ತಂತಿಗಳನ್ನು ಎತ್ತಿ ಎತ್ತಿ ಪಳಗಿದ್ದ ಕೈ ಏನು ಮಾಡಬೇಕೋ ಅದನ್ನೇ ಮಾಡಿದರು. ಕವೆಗೋಲಿನಿಂದ ಅಡ್ಡಪಟ್ಟಿಯನ್ನೇ ಎತ್ತಿ ಹಿಡಿದರು. ಲೋಡು ಸರಾಗವಾಗಿ ನುಸುಳಿತು. ಆಚೆ ಬದಿಯದನ್ನೂ ಹಾಗೇ.

ಅಂದಿನಿಂದ ಅದೇ ಪದ್ಧತಿಯಾಯಿತು. ಬೇರೆ ಲೋಡಿನವರೂ ಕಲಿತರು. ಗೇಟ್‌ಮನ್ ಗುಂತಕಲ್ಲಿನ ಕಡೆಯವನು, ಅರ್ಧ ತೆಲುಗು ಅರ್ಧ ಕನ್ನಡ. ಹಾಗೆ ಮಾಡಬಾರದು ಎಂದು ಮೊದಮೊದಲು ಕೂಗಾಡಿದ, ಆಮೇಲೆ ಸುಮ್ಮನಾದ. ಕರೆಂಟು ಯಾವಾಗ ಎಂದು ಕೇಳಿದರೆ "ವಸ್ತುಂದಿ ಮಾಮಾ, ವಸ್ತುಂದಿ" ಎನ್ನುತ್ತಿದ್ದ, ಬರುತ್ತದೆ, ಬರುತ್ತದೆ. ನಿನ್ನ ಕರೆಂಟು ಬರುವುದರೊಳಗೆ ಇವರ ಮನೆಯ ಎಮ್ಮೆಕರು ಮುದಿ ಎಮ್ಮೆಯಾಗುತ್ತದೆ ಎಂದು ಮಾಮ ನನ್ನ ಕಡೆ ಕೈ ತೋರಿಸಿ ಛೇಡಿಸುತ್ತಿದ್ದರು.

ಕೊನೆಗೆ ತಂತಿಯೂ ಬಂತು. ಕರೆಂಟು ಬರಲಿಲ್ಲ. ಇಂಥ ದಿನದಿಂದ ತಂತಿಯಲ್ಲಿ ವಿದ್ಯುತ್ ಹರಿಯುತ್ತದೆ, ಜನ ಜಾನುವಾರು ದೂರವಿರಬೇಕು ಎಂದು ಆಟೋದಲ್ಲಿ ಮೈಕು ಕಟ್ಟಿಕೊಂಡು ಸಾರಿದರು. ಆ ದಿನ ಬಂತು, ಹೋಯಿತು. ಅದೇ ಡೀಸೆಲ್ ಎಂಜಿನ್ನು ಅದೇ ಹೊಗೆ ಬಿಡುತ್ತ ಹೊಸ ತಂತಿಯ ಕೆಳಗೇ ಹೋಯಿತು. ಮತ್ತೆ ಆಟೋ, ಮತ್ತೆ ಮೈಕು, ಇನ್ನೊಂದು ದಿನ. ಆ ಸಲವೂ ಹೊಗೆ. ಮೂರನೆಯ ಸಲ ಆಟೋ ಬಂದಾಗ ನಮ್ಮ ಓಣಿಯಲ್ಲಿ ಯಾರೂ ಬಾಗಿಲಿಗೂ ಬರಲಿಲ್ಲ. ಎಚ್ಚರಿಕೆ ಕೊಟ್ಟಿದ್ದರು ಎನ್ನುವವರು ಇದನ್ನೂ ಜೊತೆಗೆ ಹೇಳಬೇಕು. ಹೇಳುವುದಿಲ್ಲ.

ಅದಾದ ಮೇಲೆ ಒಂದು ದಿನ ಬೆಳಿಗ್ಗೆ ಕರೂರಿನಿಂದ ಹೊರಟು ಮಧ್ಯಾಹ್ನದ ಹೊತ್ತಿಗೆ ನಾವು ಗೇಟಿಗೆ ಬಂದೆವು. ಗೇಟು ಹಾಕಿತ್ತು. ಹಿಂದೆ ಲಾರಿ, ಆಟೋ, ಬೈಕು ಸಾಲುಗಟ್ಟಿ ಹಾರ್ನು ಹೊಡೆಯುತ್ತಿದ್ದವು. ಮಾಮ ಎಂದಿನಂತೆ ಕೋಲು ಎತ್ತಿ ಸಿದ್ಧವಾಗಿದ್ದರು. ಗೇಟ್‌ಮನ್ ತನ್ನ ಕೋಣೆಯಿಂದ ಇಳಿದು ನಡೆದುಕೊಂಡು ಬಂದು ನಮ್ಮ ಟ್ರ್ಯಾಕ್ಟರಿನ ಮುಂದೆ ನಿಂತ. ಎಂದೂ ಹಾಗೆ ಬಂದವನಲ್ಲ. ತಲೆ ಮೇಲೆತ್ತಿ, ಕೂಗದೆ ಹೇಳಿದ.

"ವಚ್ಚೇಸಿಂದಿ ಮಾಮಾ. ಬಂದುಬಿಟ್ಟೈತಿ."

"ಹೋದ ತಿಂಗಳೂ ಬಂದಿತ್ತಲ್ಲೋ."

"ಇವತ್ತು ಇಳೀರಿ. ನಿಮ್ಮ ಕಾಲಿಗೆ ಬೀಳ್ತೀನಿ. ನೀವು ಇಳಿಯೂ ತನ ಗೇಟು ತೆಗ್ಯಂಗಿಲ್ಲ."

ಹಿಂದಿನವರು ಬೈಯತೊಡಗಿದರು. ಒಬ್ಬ ಲಾರಿಯವನು ಗೇಟ್‌ಮನ್‌ನನ್ನೂ ಮಾಮನನ್ನೂ ಒಟ್ಟಿಗೇ ಸೇರಿಸಿ ಬೈದ. ಮಾಮ ಕದಲಲಿಲ್ಲ. ಅಷ್ಟರಲ್ಲಿ ರೈಲು ಬಂತು. ಹೊಗೆಯಿಲ್ಲ, ಆ ಹಳೆಯ ಗುಡುಗಿಲ್ಲ, ಒಂದು ಗುಂಯ್ ಎನ್ನುವ ಸದ್ದು ಮಾತ್ರ. ನಾವೆಲ್ಲ ಕೆಳಗಿನಿಂದ ಎಂಜಿನ್ನಿನ ಚಕ್ರ, ಮೂತಿ ನೋಡಿದೆವು. ಮಾಮ ಮೇಲಿದ್ದರಲ್ಲ, ಅವರಿಗೆ ಕಂಡದ್ದು ಎಂಜಿನ್ನಿನ ನೆತ್ತಿ. ಮಡಚಿದ ಮೊಣಕೈಯಂಥ ಒಂದು ಕಬ್ಬಿಣದ ಕೋಲು ನೆತ್ತಿಯಿಂದ ಎದ್ದು, ತುದಿಯಿಂದ ತಂತಿಯನ್ನು ಮೇಲಕ್ಕೊತ್ತಿ ಹಿಡಿದು ಹೋಗುತ್ತಿತ್ತು. ಅವರು ನಮ್ಮ ಟ್ರ್ಯಾಕ್ಟರಿನ ಡ್ರೈವರನಿಗೆ ಹೇಳಿದರು, "ಲೇ, ಅವನೂ ತಂತಿ ಎತ್ತಿಗೆಂತ ಹೊಂಟಾನ ನೋಡಲೇ."

ಇದನ್ನು ಅವರೇ ಹೇಳಿದರೇ? ಹಾರ್ನುಗಳ ಗದ್ದಲದಲ್ಲಿ ನನಗೆ ಹೇಗೆ ಕೇಳಿಸಿತು? ಆಮೇಲೆ ಯಾವಾಗಲೋ ನನ್ನ ಅಂಗಡಿಯಲ್ಲಿ ಕೂತು ಹೇಳಿದ್ದನ್ನು ನಾನು ಗೇಟಿಗೆ ತಂದು ಅಂಟಿಸಿಕೊಂಡಿರಬಹುದು. ಬೇರೆಯವರ ಕಥೆ ನುಣುಪು ಎಂದು ರೇಗುವ ನಾನು ನನ್ನದನ್ನೂ ತಿಕ್ಕುತ್ತಲೇ ಇದ್ದೇನೆ. ಮಾತು ಬಿಡಿ. ಅವರು ಇಳಿದರು. ಅದನ್ನು ನಾನು ಕಣ್ಣಾರೆ ಕಂಡೆ. ಕೋಲನ್ನು ಮೊದಲು ಕೆಳಗೆ ಹಾಕಿ, ಹೇರಿನ ಹಗ್ಗ ಹಿಡಿದು ಜಾರಿ, ನೆಲಕ್ಕೆ ಬಂದು ಪಂಚೆ ಕೊಡವಿಕೊಂಡರು. ಟ್ರ್ಯಾಕ್ಟರನ್ನು ಪಕ್ಕಕ್ಕೆ ಹಾಕಿಸಿ ಮೇಲಿನ ಹುಲ್ಲನ್ನೆಲ್ಲ ಇಳಿಸಿದರು. ನಾನೂ ಹೊತ್ತೆ, ಗೇಟ್‌ಮನ್ ಕೂಡ ಒಂದು ಹೊರೆ ಹೊತ್ತ. ಕೋಲನ್ನು ಮಾತ್ರ ಮಾಮ ನೆಟ್ಟಗೆ ಹಿಡಿಯಲಿಲ್ಲ, ನೆಲಕ್ಕೆ ಎಳೆದುಕೊಂಡೇ ಹಳಿ ದಾಟಿದರು.

ಆಮೇಲೆ ಅವರು ಆ ಗೇಟಿನಲ್ಲಿ ಅಡ್ಡಪಟ್ಟಿಗೆ ಕೋಲು ಮುಟ್ಟಿಸಲಿಲ್ಲ. ಬಳ್ಳಾರಿಗೆ ಬರುವ ಹೇರನ್ನು ಗದ್ದೆಯಲ್ಲೇ ಗಿಡ್ಡ ಕಟ್ಟುತ್ತಿದ್ದರು. ಮಾಮ ಗಿಡ್ಡ ಆದ ಎಂದು ಜೊತೆಯವರು ನಗುತ್ತಿದ್ದರು. ಅದಕ್ಕೆ ಅವರು, ಎಂಜಿನ್ನಿನ ಕೂಡ ಜಿದ್ದಿಗೆ ಬೀಳಾಕ ನನಗೇನು ಹುಚ್ಚ ಹಿಡದೈತೇನು ಎನ್ನುತ್ತಿದ್ದರು. ಹಳಿ ದಾಟದೆ ಸಿರುಗುಪ್ಪದ ಕಡೆಯ ಹಳ್ಳಿಗಳಲ್ಲೇ ಉಳಿಯುವ ಲೋಡುಗಳಿಗೆ ಕಮಾನಿನ ಹಂಗಿರಲಿಲ್ಲ. ಅವು ಎಂದಿನಂತೆ ಎತ್ತರ, ಮಾಮ ಎಂದಿನಂತೆ ತುದಿಯಲ್ಲಿ.

ಅಂಥದ್ದೇ ಒಂದು ಲೋಡು. ಕರೂರಿನ ಕಾಲುವೆ, ಆ ಬಟ್ಟೆ ಒಣಹಾಕುವ ಹಗ್ಗ. ನಾನು ಅಲ್ಲಿರಲಿಲ್ಲ. ಇಬ್ಬನಿಗೆ ಕೋಲು ಒದ್ದೆಯಾಗಿತ್ತು ಎಂದು ಒಬ್ಬರು, ಕೋಲು ಒಣಗಿಯೇ ಇತ್ತು, ಹಳೇ ತಂತಿ ತಾನೇ ಹರಿದು ಬೆನ್ನ ಮೇಲೆ ಬಿತ್ತು ಎಂದು ಇನ್ನೊಬ್ಬರು. ಹುಲ್ಲಿಗೂ ಬೆಂಕಿ ಹತ್ತಿತೋ ಇಲ್ಲವೋ ಅದರಲ್ಲೂ ಒಮ್ಮತವಿಲ್ಲ. ಬಾದನಹಟ್ಟಿಗೆ ನಾನು ಹೋದಾಗ ಮಣ್ಣು ಮಾಡಿ ಆಗಿತ್ತು. ಕರೂರಿನ ಆ ತಂತಿಯ ಬಳಿ ಫಲಕವಿರಲಿಲ್ಲ, ಕಮಾನಿರಲಿಲ್ಲ, ಮೈಕು ಕಟ್ಟಿದ ಆಟೋ ಯಾವತ್ತೂ ಬಂದಿರಲಿಲ್ಲ, ಟ್ರ್ಯಾಕ್ಟರಿನ ಮುಂದೆ ನಿಂತು ಇಳೀರಿ ಎನ್ನುವ ಮನುಷ್ಯನೂ ಇರಲಿಲ್ಲ. ಎಸ್ಟಿಮೇಟ್ ಹೋಗಿತ್ತು.

ಈಗ ರೈಲುಗಳು ಹೊಗೆಯಿಲ್ಲದೆ ಓಡುತ್ತವೆ. ನಾನೂ ಹತ್ತುತ್ತೇನೆ, ಒಳ್ಳೆಯದೇ. ಗೇಟು ಹೋಯಿತು, ಗೇಟ್‌ಮನ್ ಎಲ್ಲಿಗೋ ವರ್ಗವಾದ. ಹುಲ್ಲನ್ನು ಯಂತ್ರ ಸುತ್ತಿ ಉಂಡೆ ಕಟ್ಟಿಕೊಡುತ್ತದೆ. ಮಾಮ ಇಳಿದದ್ದನ್ನು ಕಂಡವರಲ್ಲಿ ಈ ಊರಲ್ಲಿ ಉಳಿದವನು ನಾನೊಬ್ಬನೇ ಇರಬೇಕು...

ಮೊನ್ನೆ ಅಂಡರ್‌ಪಾಸಿನ ಬಾಯಲ್ಲಿ ನನಗೆ ತಡೆಯಲಾಗಲಿಲ್ಲ. ಬೈಕಿನವನ ಹತ್ತಿರ ಹೋಗಿ, ಅವರು ಇಲ್ಲಿ ಸತ್ತಿಲ್ಲ, ಇಲ್ಲಿ ಅವರು ಮಾತು ಕೇಳಿ ಇಳಿದಿದ್ದರು, ಸತ್ತದ್ದು ಕರೂರಿನಲ್ಲಿ ಎಂದೆ. ನನ್ನ ಮುಖವನ್ನು ಒಮ್ಮೆ, ತನ್ನ ಗೆಳೆಯನ ಮುಖವನ್ನು ಒಮ್ಮೆ ನೋಡಿದ. ಪಾಪ ಎನ್ನುವ ಹಾಗೆ ನಕ್ಕು ಹೇಳಿದ.

"ಕರೂರಾಗ ರೈಲು ಎಲ್ಲೈತ್ರಿ ಸಾರ್?"

ತಲೆಯ ಮೇಲೆ ಒಂದು ರೈಲು ಗುಂಯ್ ಎಂದು ಹಾದುಹೋಯಿತು. ಪಂಪಿನವನು ಇನ್ನೂ ಬಂದಿರಲಿಲ್ಲ. ಹುಲ್ಲು ನೀರಿನ ಮೇಲೆ ನಿಂತಲ್ಲೇ ಅಲುಗಾಡುತ್ತಿತ್ತು.