ತೋಳು ಬಿಚ್ಚುವ ಮುಹೂರ್ತ

ಮದುಮಗನಿಗೆ ಸೂಟು ಹೆಣ್ಣಿನ ಕಡೆಯವರೇ ಹೊಲಿಸಿಕೊಡಬೇಕು. ಅಣ್ಣನ ಮಗಳ ಮದುವೆಗೆ ಹುಡುಗ ಆರಿಸಿಕೊಂಡದ್ದು ಇಟಲಿಯಲ್ಲಿ ಕೆಲಸ ಕಲಿತು ಬಂದ ಬೆಂಗಳೂರಿನ ಟೈಲರ್ ಮಾಸ್ಟರನ್ನು. ಅವರು ಕೋಟು ತೊಡಿಸಿ ಅಳತೆ ನೋಡಲು ಸೋಗಾನೆಗೆ ವಿಮಾನದಲ್ಲಿ ಬಂದಿಳಿದರು. ನಾನು, ಅಣ್ಣ ಭದ್ರಾವತಿಯಿಂದ ಬಸ್ಸಿನಲ್ಲಿ ನವುಲೆಯ ಹುಡುಗನ ಮನೆ ಮುಟ್ಟುವಷ್ಟರಲ್ಲಿ ಹುಡುಗ ಕೋಟು ತೊಟ್ಟು ಗೊಂಬೆಯ ಹಾಗೆ ನಿಂತಿದ್ದ. ಕೋಟಿನ ತುಂಬ ಉದ್ದುದ್ದ ಬಿಳಿ ದಾರ, ಸೀಮೆಸುಣ್ಣದ ಗೆರೆ.

ಮಾಸ್ಟರು ಸುತ್ತ ಒಂದು ಪ್ರದಕ್ಷಿಣೆ ಬಂದರು. ಭುಜ ಸವರಿದರು. ಆಮೇಲೆ ಬಲತೋಳನ್ನು ಹಿಡಿದು ಪರ್ ಎಂದು ಎಳೆದೇಬಿಟ್ಟರು. ತೋಳು ಅವರ ಕೈಗೆ ಬಂತು.

"ಅಯ್ಯಯ್ಯೋ! ಮದುವೆ ಬಟ್ಟೆ ಮೈಮೇಲೇ ಹರಿದ್ನಲ್ಲೋ ಮಾರಾಯ!" ಎಂದು ಹುಡುಗನ ಅಜ್ಜಿ ಎದೆ ಹಿಡಿದುಕೊಂಡರು.

"ಹರಿದಿಲ್ಲ ಅಜ್ಜಿ, ಬಿಚ್ಚಿದೆ. ಇದು ಕಚ್ಚಾ ಹೊಲಿಗೆ. ಬಿಚ್ಚಿ ಕೂರಿಸಿದ್ರೇನೇ ತೋಳು ಸರಿಯಾಗಿ ನಿಲ್ಲೋದು. ಇಟಲೀಲಿ ಹೀಗೇ ಮಾಡ್ತಾರೆ."

"ಅಲ್ಲಿ ಮದುವೆ ಎಷ್ಟು ದಿನ ನಿಲ್ತಾವೋ ಯಾರು ಕಂಡಿದಾರೆ! ಅಪಶಕುನ. ನಾನು ಈ ಮದುವೆಗೆ ಬರಲ್ಲ."

"ಅಜ್ಜಿ ಬರದೆ ನಾನು ತಾಳಿ ಕಟ್ಟಲ್ಲ" ಎಂದ ಹುಡುಗ. ಅವನನ್ನು ಸಾಕಿದವರೇ ಅವರು. ಒಂದೇ ತೋಳಿನ ಕೋಟಿನಲ್ಲಿ ಅಷ್ಟು ಗಂಭೀರವಾದ ಮಾತಾಡಿದವರನ್ನು ನಾನು ಇನ್ನೂ ನೋಡಿಲ್ಲ. ಅಣ್ಣ ಮಾತ್ರ ಬೆವರಿಹೋದ. ಛತ್ರ ಗೊತ್ತುಮಾಡಿಯಾಗಿತ್ತು, ಕರೆಯೋಲೆ ಹಂಚಿಯಾಗಿತ್ತು.

ಗೋಡೆಯ ಕ್ಯಾಲೆಂಡರ್ ನನ್ನ ಕಣ್ಣಿಗೆ ಬಿತ್ತು.

"ಅಜ್ಜಿ, ಈಗ ರಾಹುಕಾಲ ಅಲ್ವಾ? ಅದಕ್ಕೇ ಅಪಶಕುನದ ಹಾಗೆ ಕಂಡಿರಬೇಕು. ಇನ್ನೊಂದು ತೋಳು ಒಳ್ಳೇ ಗಳಿಗೇಲಿ ಬಿಚ್ಚಿಸಿದ್ರೆ?"

ಅಜ್ಜಿ ಯೋಚಿಸಿದರು. "ಅಷ್ಟು ಬುದ್ಧಿ ಇವನಿಗೆ ಬೇಡ್ವಾ? ಎರಡೂ ಒಳ್ಳೇ ಹೊತ್ತಲ್ಲೇ ಬಿಚ್ಲಿ. ಆ ತೋಳು ಮತ್ತೆ ಅಂಟಿಸು."

ಮಾಸ್ಟರು ಬಲತೋಳನ್ನು ಮತ್ತೆ ಬಿಳಿ ದಾರದಲ್ಲಿ ಹೊಲಿದರು. ರಾಹುಕಾಲ ಕಳೆಯುವವರೆಗೆ ಎಲ್ಲರೂ ಒಗ್ಗರಣೆ ಅವಲಕ್ಕಿ ತಿಂದೆವು. ಕೋಟಿಗೆ ಎಣ್ಣೆ ತಾಗಬಾರದೆಂದು ಹುಡುಗನಿಗೆ ನಾನೇ ಚಮಚದಲ್ಲಿ ತಿನ್ನಿಸಿದೆ.

ಹೊತ್ತು ಬಂದಾಗ ಹುಡುಗನನ್ನು ಪೂರ್ವಕ್ಕೆ ಮುಖ ಮಾಡಿಸಿ ಮಣೆಯ ಮೇಲೆ ನಿಲ್ಲಿಸಿದರು. ಹೊಸ ಬಟ್ಟೆಗೆ ಅರಿಶಿನ ತಾಗಿಸಲು ಅಜ್ಜಿ ಬೆರಳು ಅದ್ದಿಕೊಂಡು ಬಂದರು. ಮಾಸ್ಟರ ಮುಖ ಬಿಳುಚಿತು. ಬೇಗನೆ ಕೋಟಿನ ಒಳ ಅಂಚು ಮಗುಚಿ, "ಇಲ್ಲಿ ಹಚ್ಚಿ ಅಜ್ಜಿ, ಆಮೇಲೆ ಇದು ಒಳಗೆ ಹೋಗುತ್ತೆ" ಎಂದರು.

"ಹೂಂ, ಈಗ ಹರಿಯಪ್ಪ."

ಪರ್. ಅಕ್ಷತೆ ಹಾಕಿದೆವು. ಮತ್ತೆ ಪರ್. ಮತ್ತೆ ಅಕ್ಷತೆ. ಅಣ್ಣ ಕಣ್ಣೊರೆಸಿಕೊಂಡ.

"ಮದುವೆಗೆ ಯಾವ ಸೀರೆ ಉಡ್ಲೇ?" ಎಂದು ಅಜ್ಜಿ ನನ್ನನ್ನೇ ಕೇಳಿದರು.

ಮಾಸ್ಟರು ಸೂಜಿಗಳನ್ನೆಲ್ಲ ಡಬ್ಬಿಗೆ ಹಾಕಿಕೊಂಡು, ಹೊರಡುವ ಮುಂಚೆ ಕ್ಯಾಲೆಂಡರಿನ ಎದುರು ಕೈಕಟ್ಟಿ ನಿಂತರು. "ಅಜ್ಜಿ, ಮುಂದಿನ ವಾರ ಕಾಲರ್ ಬಿಚ್ಚೋದಿದೆ. ಯಾವತ್ತು ಒಳ್ಳೇದು, ಸ್ವಲ್ಪ ನೋಡಿ. ಟಿಕೆಟ್ ತಗೋಬೇಕು."