ಬೆಣ್ಣೆ ತಪ್ಪಿದ ಮಂಗಳವಾರಗಳು

ನಮ್ಮೂರಿನ ಹಡದವ್ವನಿಗೆ ತಲೆಯಿಲ್ಲ. ತಲೆ ಇರಬೇಕಾದ ಜಾಗದಲ್ಲಿ ಅರಳಿದ ಕಮಲವಿದೆ. ಹೆರಿಗೆಗೆ ಕೂತ ಹೆಣ್ಣಿನ ಹಾಗೆ ಮೊಣಕಾಲು ಮಡಚಿ, ಹೊಟ್ಟೆ ಮುಂದು ಮಾಡಿ ಕೂತಿದ್ದಾಳೆ. ತುಕ್ಕಾನಟ್ಟಿ ದಾಟಿ ಒಳಗೆ ಬಂದರೆ ಸಿಗುವ ನಮ್ಮೂರಿನ ಕೆರೆಯ ದಂಡೆಯ ಮೇಲೆ ಅವಳದೊಂದು ಕಲ್ಲುಗುಡಿ. ಅದು ಯಾವ ರಾಜನ ಕಾಲದ್ದೆಂದು ನಮಗಾರಿಗೂ ಗೊತ್ತಿರಲಿಲ್ಲ, ತಿಳಿದುಕೊಳ್ಳಬೇಕೆಂದು ಅನಿಸಿಯೂ ಇರಲಿಲ್ಲ. ನಮಗೆ ಗೊತ್ತಿದ್ದದ್ದು ಬೆಣ್ಣೆ ಹಚ್ಚುವುದು ಮಾತ್ರ. ಮಗಳು ಬಸುರಿಯಾಗಿ ಐದನೆಯ ತಿಂಗಳಿಗೆ ಬಿದ್ದಳೆಂದರೆ, ತಾಯಿಯಾದವಳು ಮಂಗಳವಾರಕ್ಕೊಮ್ಮೆ ಮನೆಯಲ್ಲಿ ಕಡೆದ ಎಮ್ಮೆಯ ಬೆಣ್ಣೆ ಒಯ್ದು ಹಡದವ್ವನ ಹೊಟ್ಟೆಗೆ ಸವರಬೇಕು. ಹೆರಿಗೆಯಾದ ಮೇಲೆ ಬಾಣಂತಿಗೆ ಎರೆದ ಹಾಗೆ ಅವಳಿಗೂ ಬಿಸಿನೀರು ಎರೆದರೆ ಹರಕೆ ಮುಗಿಯಿತು.

ನಮ್ಮತ್ತೆ ಇದ್ದಾಗ ಒಂದು ಮಾತು ಹೇಳುತ್ತಿದ್ದರು. "ಹಚ್ಚಲಿಲ್ಲಂದ್ರ ನಡೀತೈತಿ. ಹಚ್ಚಾಕ ಹಿಡದು ನಡುವ ಬಿಡಬಾರದು ನೋಡು." ಬಿಟ್ಟರೆ ಏನಾಗುತ್ತದೆ ಎಂದು ಅವರು ಹೇಳಲಿಲ್ಲ. ನಾನೂ ಕೇಳುವ ಧೈರ್ಯ ಮಾಡಲಿಲ್ಲ.

ನನ್ನ ಯಜಮಾನರಿಗೆ ಇದೆಲ್ಲ ತಮಾಷೆ. "ಕೊರಳಾಗ ಲಿಂಗ, ಕೈಯಾಗ ಬೆಣ್ಣಿ. ಶರಣರು ನೋಡಿದ್ರ ಏನಂದಾರು?" ಎಂದು ಕೆಣಕುವರು. "ಶರಣರನ್ನೂ ಒಬ್ಬಾಕಿ ಹಡದಿದ್ಲರಿ" ಎಂದು ನಾನು ಬಾಯಿ ಮುಚ್ಚಿಸುತ್ತಿದ್ದೆ. ಬಾಯಲ್ಲಿ ಯಾರಿಗೂ ಸೋತವಳಲ್ಲ ನಾನು. ಆ ಬಾಯಿಯ ಪುಣ್ಯದಿಂದಲೇ ಗೈಡ್ ಆದೆ.

ಅದು ಆದದ್ದು ಹೀಗೆ. ಮಳೆಗಾಲದಲ್ಲಿ ಗೋಕಾಕ ಫಾಲ್ಸಿಗೆ ಜನ ಇರುವೆ ಮುತ್ತಿದ ಹಾಗೆ ಬರುತ್ತಾರೆ. ನೀರು ನೋಡಿ, ಕರದಂಟು ಕಟ್ಟಿಸಿಕೊಂಡು ಹೋಗಿಬಿಡುತ್ತಾರೆ. ಅವರನ್ನು ನಮ್ಮೂರ ಗುಡಿಗೆ ಕರೆತಂದು, ಅಲ್ಲಿಂದ ಹುಕ್ಕೇರಿಯ ಹಳೇ ಗುಮ್ಮಟಗಳಿಗೆ ಒಯ್ದರೆ ದಾರಿಯುದ್ದಕ್ಕೂ ಹತ್ತು ಮನೆಗೆ ದುಡಿಮೆಯಾಗುತ್ತದೆ ಎಂದು ಪ್ರವಾಸೋದ್ಯಮ ಇಲಾಖೆಯ ಸಾಹೇಬರೊಬ್ಬರು ಬಂದು ಹೇಳಿದರು. ನಮ್ಮ ಮಹಿಳಾ ಸಂಘದವರೆಲ್ಲ ಕೂತು ಕೇಳಿದೆವು. ಯಾರಿಗೂ ಬೇಡವಾಗಲಿಲ್ಲ. ಗುಡಿಗೆ ಹೋಗುವ ಕೆಸರು ದಾರಿಗೆ ಡಾಂಬರು ಬಿತ್ತು. ಕೆರೆಯ ದಂಡೆಯಲ್ಲಿ ನಾವು ರೊಟ್ಟಿ ಅಂಗಡಿ ಹಾಕಿದೆವು. ಜೋಳದ ರೊಟ್ಟಿ, ಎಣಗಾಯಿ, ಶೇಂಗಾ ಚಟ್ನಿ, ಕೆನೆಮೊಸರು. ಗಂಡ ಸತ್ತು ಕೂಲಿಗೆ ಹೋಗುತ್ತಿದ್ದ ನೆರೆಮನೆಯಾಕೆ ಬಿಸಿಲಿಗೆ ಹೋಗುವುದನ್ನು ಬಿಟ್ಟು ನೆರಳಲ್ಲಿ ಕೂತು ರೊಟ್ಟಿ ಬಡಿಯತೊಡಗಿದಳು. ನನಗೆ ಗೋಕಾಕದಲ್ಲಿ ತರಬೇತಿ ಕೊಟ್ಟು ಕೊರಳಿಗೊಂದು ಕಾರ್ಡು ಹಾಕಿದರು. ಲಿಂಗದ ಜೊತೆ ಅದೂ ಜೋತಾಡಿತು.

ಆ ಹೊತ್ತಿಗೆ ನನ್ನ ಮಗಳು ಮೂರನೆಯ ಸಲ ಬಸುರಿಯಾದಳು. ಮೊದಲಿನದು ನಿಲ್ಲುವ ಮೊದಲೇ ಹೋಗಿತ್ತು. ಎರಡನೆಯದು ಆರು ತಿಂಗಳು ತುಂಬಿ, ಕೈಕಾಲು ಮೂಡಿ ಹೋಯಿತು. ಆಗ ನಾನು ಬೆಣ್ಣೆ ಹಚ್ಚಿರಲಿಲ್ಲ. ಅವಳು ಸಾಲಿಯಲ್ಲಿ ವಿಜ್ಞಾನ ಕಲಿಸುವವಳು, "ಅವ್ವಾ, ಆ ಬೆಣ್ಣಿ ರೊಟ್ಟಿಗೆ ಹಚ್ಚಿ ನನಗ ಕೊಡು" ಎಂದು ನಕ್ಕಿದ್ದಳು. ಈ ಸಲ ಹುಕ್ಕೇರಿಯ ಗಂಡನ ಮನೆಯಿಂದ ಅವಳೇ ಫೋನು ಮಾಡಿದಳು. "ಅವ್ವಾ, ಈ ಸಲ ಹಚ್ಚು" ಎಂದಳು. ದನಿ ಎಷ್ಟು ಸಣ್ಣಗಿತ್ತೆಂದರೆ ಫೋನನ್ನು ಕಿವಿಗೆ ಒತ್ತಿ ಹಿಡಿಯಬೇಕಾಯಿತು. ಡಾಕ್ಟರು ಹಾಸಿಗೆ ಬಿಟ್ಟು ಏಳಬಾರದು, ಪ್ರಯಾಣವಂತೂ ಕೂಡದು ಎಂದಿದ್ದರು. ಹೀಗಾಗಿ ತವರಿಗೆ ಕರೆತರುವುದೂ ಆಗಲಿಲ್ಲ. ಬೆಣ್ಣೆ ಹಚ್ಚತೊಡಗಿದೆ. ಪ್ರತಿ ಮಂಗಳವಾರ ಸಂಜೆ ಅವಳ ಫೋನು ಬರುತ್ತಿತ್ತು.

"ಹಚ್ಚಿ ಬಂದಿ?"

"ಬಂದೇನಿ, ಯವ್ವಾ."

ಅಷ್ಟೇ. ಆಮೇಲೆ ಊಟ, ಔಷಧ, ಬೀಗರ ಮನೆಯ ಸುದ್ದಿ.

ಹೀಗೆ ಕೆಲವು ವಾರ ನಡೆಯಿತು. ಒಂದು ಮುಂಜಾನೆ ಗುಡಿಗೆ ಹೋದರೆ ಕಬ್ಬಿಣ ಕೊರೆಯುವ ಸದ್ದು. ಹಡದವ್ವನ ಮುಂದೆ ಸಾಹೇಬರ ಕಡೆಯವರು ಗ್ರಿಲ್ ನಿಲ್ಲಿಸುತ್ತಿದ್ದರು. ಅವಳ ಮೈಮೇಲಿನ ಜಿಡ್ಡನ್ನೆಲ್ಲ ಅದೇನೋ ಔಷಧ ಹಾಕಿ ತಿಕ್ಕಿ ತೆಗೆದಿದ್ದರು. ಎಷ್ಟೋ ತಲೆಮಾರಿನ ತಾಯಂದಿರು ಸವರಿ ಸವರಿ ಕಪ್ಪಗೆ ಮಿರಿಮಿರಿ ಮಿಂಚುತ್ತಿದ್ದ ಹೊಟ್ಟೆ ರಕ್ತವಿಲ್ಲದವರ ಮುಖದ ಹಾಗೆ ಬಿಳಿಚಿಕೊಂಡಿತ್ತು. ಇಷ್ಟು ವರ್ಷ ಅವಳನ್ನು ಕಂಡು ಭಕ್ತಿಯಾಗಿತ್ತು, ಸಲಿಗೆಯಾಗಿತ್ತು. ಹೆದರಿಕೆಯಾದದ್ದು ಅವತ್ತೇ ಮೊದಲು.

ಸಾಹೇಬರು ಕೆಟ್ಟವರಲ್ಲ. ಬೆಣ್ಣೆ, ಅರಿಷಿಣದಿಂದ ಕಲ್ಲು ಸವೆಯುತ್ತದೆ, ಇನ್ನೂ ನೂರಾರು ವರ್ಷ ಉಳಿಯಬೇಕಲ್ಲ ಎಂದು ಸಮಾಧಾನದಿಂದಲೇ ತಿಳಿಸಿ ಹೇಳಿದರು. ಅವರು ಹೇಳಿದ್ದು ಸುಳ್ಳೂ ಅಲ್ಲ, ಮೂರ್ತಿಯ ಮೊಣಕಾಲು ಸವೆದದ್ದು ನನಗೇ ಕಾಣುತ್ತಿತ್ತು. ಆದರೂ ಬಾಯಿಬಿಟ್ಟೆ.

"ಸಾಹೇಬ್ರ, ಮಂಗಳವಾರ ಅಷ್ಟ ಒಂದು ಗಳಿಗಿ ಕೀಲಿ ತಗೀರಿ. ನನ್ನ ಮಗಳು ಬಸುರಿ ಅದಾಳ."

"ಅಕ್ಕಾರ, ಇವತ್ತು ನಿಮಗ ತಗದ್ರ ನಾಳೆ ಹತ್ತೂರಿನವರು ಬರ್ತಾರ. ಗೈಡ್ ಆಗಿ ನೀವ ಹಿಂಗಂದ್ರ ಹೆಂಗ್ರಿ? ಮ್ಯಾಲಿನವರು ನೋಡಿದ್ರ ಇಡೀ ಯೋಜನಾನ ನಿಂತ ಹೋಗತೈತಿ."

ಹಿಂದೆ ರೊಟ್ಟಿ ಅಂಗಡಿಯ ಹೆಂಗಸರು ನಿಂತಿದ್ದರು. ನೆರೆಮನೆಯಾಕೆ ನನ್ನ ಮುಖ ನೋಡಿ ತಲೆ ತಗ್ಗಿಸಿದಳು. ಅವಳಿಗೂ ಹೆದರಿಕೆಯೇ, ಆದರೆ ಬೇರೆ ಹೆದರಿಕೆ. ಅವಳ ಒಲೆ ಆರಿಸಿ ನನ್ನ ಮಗಳ ಹೊಟ್ಟೆ ಕಾಯಲೇ? ಬಂದ ದಾರಿಯಲ್ಲೇ ಮನೆಗೆ ತಿರುಗಿದೆ. ಜೀವಮಾನದಲ್ಲಿ ಮಾತಿಗೆ ತಡಬಡಿಸಿದ್ದು ಅದೊಂದೇ ಸಲ ಇರಬೇಕು.

ಮುಂದಿನ ಮಂಗಳವಾರ ಬೆಳಕು ಹರಿಯುತ್ತಲೇ ಬೆಣ್ಣೆ ತಗೊಂಡು ಹೋದೆ. ಸರಳುಗಳ ನಡುವೆ ಕೈ ತೂರಿಸಿದೆ. ಭುಜ ಒತ್ತಿ, ಕೆನ್ನೆ ಕಬ್ಬಿಣಕ್ಕೆ ಹಚ್ಚಿ ಚಾಚಿದರೂ ಹೊಟ್ಟೆ ಸಿಗಲಿಲ್ಲ. ಬೆರಳು ಗಾಳಿಯಲ್ಲಿ ಆಡಿತು. ಬೆಣ್ಣೆ ಕೈಯ ಕಾವಿಗೆ ಕರಗಿ ಸರಳಿಗೆ ಇಳಿಯಿತು. ಅಷ್ಟರಲ್ಲಿ ಕಾರಿನ ಸದ್ದಾಯಿತು. ಗಡಬಡಿಸಿ ಸೆರಗಿನಿಂದ ಸರಳು ಒರೆಸಿ, ಕೊರಳಿಗೆ ಕಾರ್ಡು ಹಾಕಿಕೊಂಡು, "ಬರ್ರಿ ಬರ್ರಿ" ಎಂದು ನಿಂತೆ. ಬಂದವರಲ್ಲಿ ಒಬ್ಬ ಹುಡುಗ ಮೂರ್ತಿ ಕೂತ ಭಂಗಿ ಕಂಡು ಗೆಳೆಯನ ಪಕ್ಕೆಗೆ ತಿವಿದು ನಕ್ಕ. "ಯಾಕಪಾ, ನಿಮ್ಮವ್ವ ನಿನ್ನ ನಿಂತ ಹಡದಳೇನು?" ಎಂದೆ. ನಗು ಇಂಗಿತು. ನನ್ನ ಹೆದರಿಕೆ ಮಾತ್ರ ಇಂಗಲಿಲ್ಲ.

ಸಂಜೆ ಫೋನು ಬಂತು.

"ಹಚ್ಚಿ ಬಂದಿ, ಅವ್ವಾ?"

"ಬಂದೇನಿ, ಯವ್ವಾ."

ಹಾಸಿಗೆಯಲ್ಲಿ ಮಲಗಿ ಸೂರು ನೋಡುತ್ತಿರುವ ಹುಡುಗಿಗೆ ಬೇರೇನು ಹೇಳಲಿ? ನಡುವೆ ಬಿಡಬಾರದ್ದು ನಡುವೆ ಬಿಟ್ಟುಹೋಯಿತು ಎನ್ನಲೇ? ಅಲ್ಲಿಂದ ಪ್ರತಿ ವಾರ ಅದೇ ಪ್ರಶ್ನೆ, ಅದೇ ಉತ್ತರ. ಪ್ರತಿ ಸಲ ಹೇಳುವಾಗಲೂ ಹಡದವ್ವ ಕೇಳಿಸಿಕೊಳ್ಳುತ್ತಿದ್ದಾಳೆ ಅನಿಸುತ್ತಿತ್ತು. ಕಿವಿಯೇ ಇಲ್ಲದವಳು ಕೇಳುವುದೆಲ್ಲಿಂದ ಎಂದು ನನಗೆ ನಾನೇ ಬೈದುಕೊಳ್ಳುತ್ತಿದ್ದೆ. ಯಜಮಾನರಿಗೆ ಹೇಳಿದೆ. ಅವರು ನಗಲಿಲ್ಲ. ಅವರು ನಗದಿದ್ದದ್ದು ಕಂಡು ಇನ್ನಷ್ಟು ಹೆದರಿದೆ.

ಫೋನು ಗುಣುಗುಟ್ಟಿದರೆ ಕೊರಳಿನ ಲಿಂಗ ಹಿಡಿದುಕೊಂಡೇ ಎತ್ತುತ್ತಿದ್ದೆ. ಹಾಲು ಒಡೆದರೆ ಅಪಶಕುನ, ಹಲ್ಲಿ ನುಡಿದರೆ ಅಪಶಕುನ. ದಿನಾ ಬಂದವರ ಮುಂದೆ ನಿಂತು, ನಮ್ಮ ಕಡೆಯ ಹೆಣ್ಣುಮಕ್ಕಳು ಸುಖವಾಗಿ ಹೆರಲೆಂದು ಈ ಮೂರ್ತಿಗೆ ಬೆಣ್ಣೆ ಹಚ್ಚುವ ಪದ್ಧತಿಯಿತ್ತು ಎಂದು ವಿವರಿಸಬೇಕು. ಅವರು ಎಷ್ಟು ಚಂದದ ಪದ್ಧತಿ ಎಂದು ತಲೆದೂಗುವರು, ಮೊಬೈಲು ಎತ್ತಿ ಹಿಡಿಯುವರು, ರೊಟ್ಟಿ ತಿಂದು ಹೋಗುವರು. ಹಿಂದೆಂದೂ ಇಲ್ಲದಷ್ಟು ವ್ಯಾಪಾರ. ಊರು ಏಳಿಗೆ ಕಾಣುತ್ತಿತ್ತು. ನಾನು ಒಳಗೊಳಗೇ ಒಣಗುತ್ತಿದ್ದೆ.

ಎಂಟನೆಯ ತಿಂಗಳಲ್ಲಿ ಅಳಿಯನ ಫೋನು ಬಂತು. ನಾನು ಗುಡಿಯೊಳಗೆ ಜನರ ನಡುವೆ ನಿಂತಿದ್ದೆ.

"ಅತ್ತಿ, ಲಗೂನ ಬರ್ರಿ. ಕಾಲು ಭಾಳ ಬಾತಾವು, ಕಣ್ಣು ಮಂಜ ಮಂಜ ಅಂತಾಳ. ಘಟಪ್ರಭಾ ದವಾಖಾನಿಗೆ ಕರಕೊಂಡ ಹೊಂಟೇನಿ."

ಅಷ್ಟು ಜನರನ್ನು ಅಲ್ಲಿಯೇ ಬಿಟ್ಟು ಓಡಿದೆ. ಗ್ರಿಲ್ಲಿನ ಕಡೆ ತಿರುಗಿ ನೋಡಲಿಲ್ಲ. ನಡುವೆ ಬಿಟ್ಟದ್ದಕ್ಕೇ ಹೀಗಾಯಿತೇ ಎಂದರೆ ಅವಳು ಹೂಂ ಅಂದುಬಿಟ್ಟಾಳು ಎಂಬ ಹೆದರಿಕೆ. ಯಜಮಾನರು ಮೋಟಾರ್ ಸೈಕಲ್ ತಂದರು. ಕಬ್ಬಿನ ಟ್ರ್ಯಾಕ್ಟರುಗಳು ದಾರಿ ತುಂಬಿಕೊಂಡು ನಿಂತಿದ್ದವು. ಅವರ ಬೆನ್ನಿಗೆ ಹಣೆ ಹಚ್ಚಿ, ನನ್ನ ಆಯುಷ್ಯ ತಗೊ, ಅಕಿನ್ನ ಬಿಡು, ನನ್ನ ತಗೊ ಎಂದು ಒಂದೇ ಸಮ ಅನ್ನುತ್ತಿದ್ದೆ.

ಬೀಪಿ ಸಿಕ್ಕಾಪಟ್ಟೆ ಏರಿದೆ, ಕೂಸನ್ನು ಈಗಲೇ ತೆಗೆಯಬೇಕು ಎಂದರು ಡಾಕ್ಟರಮ್ಮ. ಆಪರೇಷನ್ ಕೋಣೆಯ ಬಾಗಿಲಲ್ಲಿ ಮಗಳು ನನ್ನ ಕೈ ಹಿಡಿದಳು. ಮುಖ ಊದಿ ಗುರುತು ಸಿಗದಂತಾಗಿತ್ತು. ಅವತ್ತು ಮಂಗಳವಾರವಾಗಿರಲಿಲ್ಲ. ಆದರೂ ಕೇಳಿದಳು.

"ಹಚ್ಚಿ ಬಂದಿ?"

"ಬಂದೇನಿ, ನನ್ನವ್ವಾ. ಅಂಜಬ್ಯಾಡ."

ಬಾಗಿಲು ಮುಚ್ಚಿತು. ಹೊರಗಿನ ಬೆಂಚಿನ ಮೇಲೆ ಕೂತ ಹೊತ್ತನ್ನು ಬರೆಯಲು ನನ್ನಿಂದಾಗದು. ರೈಲು ಕೂಗಿತು, ಯಾರೋ ಚಹಾ ತಂದರು, ಅದು ಆರಿ ಕೆನೆಗಟ್ಟಿತು. ಆಮೇಲೆ ಒಳಗಿನಿಂದ ಬೆಕ್ಕಿನ ಮರಿಯಂಥ ಅಳು ಕೇಳಿತು. ಹೆಣ್ಣು ಕೂಸು. ಸಣ್ಣದು, ಆದರೆ ಬಲವಾಗಿ ಅತ್ತಿತು. ತಾಯಿಯೂ ಉಳಿದಳು. ಇಷ್ಟು ಬೇಗ ಕರೆತಂದದ್ದೇ ಉಪಕಾರವಾಯಿತು ಎಂದರು ಡಾಕ್ಟರಮ್ಮ. ಯಜಮಾನರು ಗೋಡೆಗೆ ಮುಖ ಮಾಡಿ ಅತ್ತರು.

ಮೂರನೆಯ ದಿನ ಮಗಳ ಮುಖದ ಬಾವು ಇಳಿದಿತ್ತು. ಗಂಜಿ ಕುಡಿಸುತ್ತ, ಅಲ್ಲಿಯವರೆಗೆ ಹೇಳುತ್ತ ಬಂದ ಸುಳ್ಳನ್ನೇ ಮುಂದುವರಿಸಿದೆ.

"ನಾಳೆ ಊರಿಗೆ ಹೋಗಿ ಹಡದವ್ವಗ ಬಿಸಿನೀರ ಎರದ ಬರ್ತೇನಿ."

ಅವಳು ಚಮಚ ದೂಡಿ ನನ್ನನ್ನೇ ನೋಡಿದಳು.

"ಎಲ್ಲೆ ಎರೀತೀ, ಅವ್ವಾ? ಗ್ರಿಲ್ ಮ್ಯಾಲ?"

ಗಂಜಿಯ ಬಟ್ಟಲು ಕೆಳಗಿಟ್ಟೆ.

"ಗುಡಿ ನೋಡಾಕ ಬಂದವರು ಯಾರೋ ಆವಾಗನ ಮೊಬೈಲಿನ್ಯಾಗ ವಿಡಿಯೋ ಬಿಟ್ಟಿದ್ರು. ನೀ ಮುಂದ ನಿಂತ ಮಾತಾಡಾಕತ್ತಿದ್ದಿ, ಹಿಂದ ಸರಳು ಕಾಣತಿದ್ವು. ನಗಾಕತ್ತಿದ್ದಿ ಖರೆ, ಆದ್ರ ಕೈಯಾಗ ಸೆರಗು ಹಿಂಡಾಕತ್ತಿದ್ದಿ. ಎಷ್ಟ ಅಂಜೀದಿ ಅನ್ನೂದು ಆಗ ಗೊತ್ತಾತು."

"ಮತ್ತ ಪ್ರತಿ ಮಂಗಳವಾರ ಯಾಕ ಕೇಳತಿದ್ದಿ, ಯವ್ವಾ? ಅವತ್ತ ಬಾಗಲದಾಗೂ ಕೇಳಿದೆಲ್ಲ!"

"ಕೇಳೂದ ಬಿಟ್ಟಿದ್ರ, ನನಗ ಗೊತ್ತಾಗೇತಿ ಅಂತ ನಿನಗ ಗೊತ್ತಾಗತಿತ್ತಲ್ಲ, ಅವ್ವಾ" ಎಂದಳು.